ಮುಖಪುಟದ ಅವ್ವ

ಪುಸ್ತಕದ ಪೆಟ್ಟಿಗೆ ಬೆಳಗಿನಿಂದ ಹಾಲ್‌ನಲ್ಲೇ ಕೂತಿತ್ತು. ಬಿಚ್ಚಲು ಚಂಪಾ ಸಿದ್ದಿಗೆ ಧೈರ್ಯ ಬರಲಿಲ್ಲ. ತನ್ನದೇ ಬದುಕಿನ ಕಥೆ, ತಾನೇ ಬರೆದದ್ದು, ನಾಳೆ ಆಸ್ಟ್ರೇಲಿಯಾದ ಅಡಿಲೇಡಿನಲ್ಲಿ ಕನ್ನಡದವರೆದುರು ಬಿಡುಗಡೆ.

ಈ ಅಳುಕಿಗೆ ಕಾರಣ ಬ್ರಿಸ್ಬೇನಿನ ಪೂರ್ವಿಯ ಫೋನು. ಮುಖಪುಟ ಮಾಡಿದವಳು ಅವಳೇ. "ಆಂಟಿ, ನಿಮ್ಮಮ್ಮನ ಫೋಟೋ ತುಂಬಾ ಡಾರ್ಕ್ ಇತ್ತು. ಚೂರು ಬ್ರೈಟ್ ಮಾಡ್ಬಿಟ್ಟೆ, ಸೂಪರ್ ಆಗಿ ಬಂದಿದೆ" ಅಂದಿದ್ದಳು, ಅದೂ ಅಚ್ಚಾದ ಮೇಲೆ. ಪಾಪ, ಹುಡುಗಿ ಪ್ರೀತಿಯಿಂದಲೇ ಮಾಡಿದ್ದು. ಬೈಯಲೂ ಆಗಲಿಲ್ಲ.

ಆಫ್ರಿಕಾ ಮೂಲದ ಸಿದ್ದಿ ಜನರಲ್ಲಿ, ಯಲ್ಲಾಪುರದ ಕಡೆ ಹುಟ್ಟಿದ ಚಂಪಾ ತನ್ನ ಕೇರಿಯಲ್ಲಿ ಕ್ಯಾಮೆರಾ ಹಿಡಿದ ಮೊದಲ ಹೆಣ್ಣು. ಮೊದಲು ತೆಗೆದದ್ದೇ ಅವ್ವನ ಮುಖ. ಅಡಿಲೇಡಿನ ಮಾಡ್ಬರಿ ಬಡಾವಣೆಗೆ ಬಂದ ಮೇಲೆ ಕನ್ನಡದವರ ನಾಮಕರಣ, ಸೀಮಂತ, ಗೃಹಪ್ರವೇಶ ಎಲ್ಲಕ್ಕೂ ಅವಳದೇ ಕ್ಯಾಮೆರಾ. ಊಟ ಮುಗಿಯುವಷ್ಟರಲ್ಲಿ ಯಾರಾದರೊಬ್ಬರು ಪಕ್ಕಕ್ಕೆ ಕರೆದು ಹೇಳುವುದು ಇದ್ದದ್ದೇ: "ಮಗಳನ್ನ ಸ್ವಲ್ಪ ಬೆಳ್ಳಗೆ ಮಾಡಿಕೊಡಿ, ಹುಡುಗನ ಕಡೆಯವರಿಗೆ ಕಳಿಸ್ಬೇಕು." ಯಾರ ಹತ್ತಿರ ಹೇಳುತ್ತಿದ್ದೇವೆಂಬ ಪರಿವೆಯಾದರೂ ಬೇಡವೇ ಈ ಜನಕ್ಕೆ? ಚಂಪಾ ನಕ್ಕು, ಇದ್ದದ್ದನ್ನು ಇದ್ದ ಹಾಗೆಯೇ ಕೊಡುತ್ತಿದ್ದಳು. ಗಿರಾಕಿ ಹೋದರೆ ಹೋಗಲಿ. ಪುಸ್ತಕದ ತುಂಬಾ ಇದೇ ಹಟದ ಕಥೆ. ಈಗ ಅದರ ಮುಖಪುಟದಲ್ಲೇ ಅವ್ವ ಬೆಳ್ಳಗಾಗಿದ್ದರೆ ಗತಿಯೇನು?

ಬಿಡುಗಡೆಗೆಂದೇ ಊರಿನಿಂದ ಬಂದಿದ್ದ ಅವ್ವನ ಮನಸ್ಸಿಗೆ ನೋವಾದರೆ ಒಂದು ಪ್ರತಿಯನ್ನೂ ಹೊರಗೆ ಬಿಡುವುದಿಲ್ಲವೆಂದು ಚಂಪಾ ನಿಶ್ಚಯಿಸಿಕೊಂಡಳು.

"ಎಷ್ಟೊತ್ತು ಅದನ್ನೇ ನೋಡ್ತೀಯೇ?" ಎನ್ನುತ್ತ ಅವ್ವನೇ ಚಾಕು ತಂದು ಪೆಟ್ಟಿಗೆ ಸೀಳಿದಳು. ಮುಖಪುಟದಲ್ಲಿ ಗೋಧಿ ಬಣ್ಣದ ಯಾರೋ ಹೆಂಗಸು ಅವ್ವನ ಮೂಗುತಿ ತೊಟ್ಟು ಕೂತಿದ್ದಳು.

ಅವ್ವ ಪುಸ್ತಕವನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಸೆರಗಿನಿಂದ ಒರೆಸಿ ಮತ್ತೆ ನೋಡಿದಳು.

"ನಾನೇ ಏನೇ ಇದು?"

"ಹೂಂ ಅವ್ವ. ತಪ್ಪಾಗಿದೆ. ವಾಪಸ್ ಕಳಿಸ್ತೀನಿ."

"ಹುಚ್ಚಿ, ಎಷ್ಟು ಚಂದ ಬಂದದೆ. ಇಷ್ಟು ವರ್ಷ ನೀನ್ಯಾಕೆ ಹಿಂಗೆ ತೆಗೀಲಿಲ್ಲ?"

ಚಂಪಾಳಿಗೆ ದುಃಖ ಒತ್ತರಿಸಿ ಬಂತು. ಒಳಗೆ ಹೋಗಿ ಕ್ಯಾಮೆರಾ ತಂದಳು.

"ಅವ್ವ, ಕಿಟಕಿ ಹತ್ರ ಕೂತ್ಕೋ. ಇನ್ನೊಂದು ತೆಗೀತೀನಿ."

ಅವ್ವ ಸಂಭ್ರಮದಿಂದ ಕೂತು ಸೆರಗು ಸರಿಮಾಡಿಕೊಂಡಳು.

"ತಡಿ, ಮೊದಲು ಆ ಪೌಡರ್ ಡಬ್ಬಿ ಕೊಡು."

ಚಂಪಾ ತಂದುಕೊಟ್ಟಳು.