ಮರಿ ಬೇಡವೆಂದ ಮೊಗುಲಮ್ಮ

ಮಕ್ತಲ್ ಸಂತೆಯಲ್ಲಿ ಮೀನು ಮಾರುವ ಮೊಗುಲಮ್ಮನ ಬಾಯಿ ಜೋರು, ಕತ್ತಿ ಅದಕ್ಕಿಂತ ಚುರುಕು. ಅಂಥವಳ ಮೇಲೆ ಕಳ್ಳತನದ ಅಪವಾದ ಬಂತು. ಮಳೆಗಾಲದ ಕೊರಮೀನಿನ ಹೊಟ್ಟೆಯಲ್ಲಿ ತತ್ತಿ ಇರಲೇಬೇಕು. ಹುರಿದು ತಿನ್ನುವ ಆಸೆಗೇ ಜನ ಕೊಳ್ಳುವುದು. ಆದರೆ ಈಕೆ ಕೊಯ್ದ ಮೀನಿನಲ್ಲಿ ತತ್ತಿಯೇ ಇಲ್ಲ. ಮನೆಗೆ ಮುಚ್ಚಿಟ್ಟುಕೊಂಡು ಹೋಗುತ್ತಾಳೆ ಎಂದು ಗಿರಾಕಿಗಳು ಆಡಿಕೊಂಡರು.

ಮೊಗುಲಮ್ಮನಿಗೆ ಮೈಯೆಲ್ಲ ಉರಿಯಿತು. ಅಂದಿನಿಂದ ಗಿರಾಕಿಯ ಕಣ್ಣೆದುರೇ ಮೀನಿನ ಹೊಟ್ಟೆ ಸೀಳಿ ತೋರಿಸತೊಡಗಿದಳು. ತೋರಿಸುತ್ತ ತೋರಿಸುತ್ತ ಅವಳಿಗೇ ಭಯ ಹತ್ತಿತು. ತತ್ತಿಯ ಚೀಲಗಳು ಬತ್ತಿ ದಾರದಂತಾಗಿದ್ದವು. ಕೆರೆಯಲ್ಲೂ ಕೊರಮೀನಿನ ಕೆಂಪು ಮರಿಗಳ ಗುಂಪು ಕಂಡು ಎಷ್ಟೋ ಕಾಲವಾಗಿತ್ತು. ಮರಿ ಕಂಡ ಕಡೆ ಬಲೆ ಬೀಸಬಾರದೆಂಬುದು ಮೀನುಗಾರರ ಕಟ್ಟುಪಾಡು. ಮರಿಯೇ ಇಲ್ಲದ ಮೇಲೆ ಈಗ ಎಲ್ಲಿ ಬೇಕಾದರೂ ಬೀಸಬಹುದಿತ್ತು. ಬಣ್ಣದ ಕಾರ್ಖಾನೆಯ ಹೊಲಸು ನೀರು ಕೆರೆಗೆ ಬೀಳತೊಡಗಿದ ಮೇಲೆಯೇ ಹೀಗಾದದ್ದು.

ಆದರೆ ನಂಬುವವರಾರು? ವರ್ಷವರ್ಷ ಸರ್ಕಾರದ ಲಾರಿ ಬೇರೆ ಕಡೆಯ ಮೀನುಮರಿ ತಂದು ಬಿಡುತ್ತದೆ, ಅವು ಬೆಳೆಯುತ್ತವೆ, ಬಲೆ ತುಂಬುತ್ತದೆ. ಮೀನುಗಾರರ ಸಂಘಕ್ಕೆ ಅಷ್ಟೇ ಸಾಕಾಗಿತ್ತು. ಮೊಗುಲಮ್ಮ ದೂರು ಒಯ್ದಾಗಲೆಲ್ಲ ಸರ್ಕಾರಿ ಕಚೇರಿಯವರು ಎಷ್ಟು ಮೀನು ಸಿಕ್ಕವೆಂದು ಕೇಳಿ, ಹಾಗಾದರೆ ಕೆರೆ ಚೆನ್ನಾಗಿಯೇ ಇದೆಯಲ್ಲ ಎಂದು ಕಳಿಸಿಬಿಡುತ್ತಿದ್ದರು.

ಕಳೆದ ವರ್ಷ ಲಾರಿ ಬಂದಾಗ ಅವಳು ಕಟ್ಟೆಯ ಮೇಲೆ ಅಡ್ಡ ಕೂತಳು. ಬೇಸಿಗೆಯಲ್ಲೇ ಇದ್ದಬದ್ದ ಮೀನೆಲ್ಲ ಹಿಡಿದಾಗಿತ್ತು. ಸಂಘದ ಅಧ್ಯಕ್ಷ ಅವಳ ಗಂಡ ಕುರುಮಯ್ಯನೇ. ಮರಿ ಬಿಡದಿದ್ದರೆ ವರ್ಷವಿಡೀ ಉಣ್ಣುವುದೇನು ಎಂದು ಅವನು ಕೇಳಿದ. ಕೇಳಿದ್ದು ತಪ್ಪೇನಲ್ಲ.

"ತಂದು ಬಿಟ್ಟ ಮರಿ ಬೆಳೀತಾವ, ಖರೆ ಐತಿ. ಈ ಕೆರಿ ತಾನ ಹಡೆದ ಒಂದು ಮರಿ ತೋರ್ಸು, ಎದ್ದು ಹೋಗ್ತೀನಿ," ಎಂದಳು.

ಕುರುಮಯ್ಯ ನೀರಿನ ಕಡೆ ನೋಡಿದ. ಸಂಘದ ಉಳಿದವರೂ ನೋಡಿದರು. ಮಧ್ಯಾಹ್ನದವರೆಗೆ ವಾದ ನಡೆಯಿತು, ಬೈದಾಟವೂ ಆಯಿತು. ಕೊನೆಗೆ ಕುರುಮಯ್ಯನೇ ಲಾರಿಯನ್ನು ಉಟ್ಕೂರಿನ ಕೆರೆಯ ಕಡೆ ತಿರುಗಿಸಿದ.

ಹೊಟ್ಟೆಪಾಡಿಗೆ ಗಂಡಹೆಂಡತಿ ಗದ್ವಾಲ ಕಡೆಯ ಹತ್ತಿಬೀಜದ ಹೊಲಗಳಿಗೆ ಕೂಲಿ ಹೋದರು. ಮೊಗುಲಮ್ಮ ಎಂದೂ ಇನ್ನೊಬ್ಬರ ಕೈಕೆಳಗೆ ದುಡಿದವಳಲ್ಲ. ಅವಳಿಗೆ ಅವಮಾನದಿಂದ ಅಳು ಬರುತ್ತಿತ್ತು. ಅತ್ತಳು, ಆದರೂ ಹೋದಳು. ಜನರ ದೂರು ಕೇಳುವ ದಿನವಾದ ಸೋಮವಾರ ಬಂತೆಂದರೆ ಕೂಲಿ ಬಿಟ್ಟು, ನಾರಾಯಣಪೇಟೆಯ ಕಲೆಕ್ಟರ್ ಕಚೇರಿಯಲ್ಲಿ ಅಹವಾಲು ಹೇಳಲು ಬಸ್ಸು ಹತ್ತುತ್ತಿದ್ದಳು.

ಒಂದು ಸೋಮವಾರ ಅಲ್ಲಿಯ ಅಧಿಕಾರಿ ಎಂದಿನಂತೆ, ಈ ವರ್ಷ ಕೆರೆಯಲ್ಲಿ ಎಷ್ಟು ಮೀನು ಸಿಕ್ಕವು ಎಂದು ಕೇಳಿದರು.

"ಒಂದೂ ಇಲ್ರಿ," ಎಂದಳು ಮೊಗುಲಮ್ಮ. "ಈಗ ಬರಕೊಳ್ರಿ."