ಹರಳು ಹೇಳಿದ ಹೆಸರು

ನಿಜ ಹೇಳುವ ಚಟ ಕೆಟ್ಟದ್ದು. ಆ ಚಟದಿಂದ ನಾನು ಒಬ್ಬ ಒಳ್ಳೆಯ ಮನುಷ್ಯನನ್ನು ಹಾಳು ಮಾಡಿದೆ. ಶಿರಸಿ ಪೇಟೆಯಲ್ಲಿ ರೇಡಿಯೋ ರಿಪೇರಿ ಮಾಡುತ್ತಿದ್ದ ಚನ್ನಯ್ಯನೇ ಆ ಮನುಷ್ಯ. ನಾನು ಪಕ್ಕದ ಅಡಿಕೆ ಮಂಡಿಯಲ್ಲಿ ಗುಮಾಸ್ತ. ಊಟದ ಬಿಡುವಿನಲ್ಲಿ ಅವನ ಅಂಗಡಿಯ ಸ್ಟೂಲೇ ನನ್ನ ಜಾಗ.

ಚನ್ನಯ್ಯ ಗುಡ್ನಾಪುರದ ಅಯ್ಯನವರ ಮನೆಯ ಹಿರಿಮಗ. ಮಠದ ಪೂಜೆ ನೋಡಿಕೊಳ್ಳಬೇಕಾದವನು ಅದನ್ನು ಬಿಟ್ಟು, ರೇಡಿಯೋ ಕಲಿತು ಶಿರಸಿಗೆ ಬಂದ. ಅವತ್ತಿನಿಂದ ಅವನ ಅವ್ವ ಗುರುಶಾಂತವ್ವ ಅವನೊಡನೆ ಮಾತು ಬಿಟ್ಟಳು. ಪೂಜೆ ತಮ್ಮನ ಪಾಲಿಗೆ ಹೋಯಿತು. ಕಿರಿಯವನೆಂದು ಅವನನ್ನು ಊರೆಲ್ಲ ಸಣ್ಣಯ್ಯ ಎನ್ನುತ್ತಿತ್ತು. ಏಳು ವರ್ಷ ಮಾತಿಲ್ಲದೆ ಕಳೆದು, ಅರವತ್ನಾಲ್ಕನೆಯ ಇಸವಿಯಲ್ಲಿ ಗುರುಶಾಂತವ್ವ ತೀರಿಕೊಂಡಳು. ಎಂಥ ಹಟದ ಹೆಂಗಸೋ!

ಸಾಯುವ ಹಿಂದಿನ ವರ್ಷ ಯಾರೋ ಕಾಲೇಜಿನ ಮೇಷ್ಟ್ರು ಟೇಪ್ ಯಂತ್ರ ತಂದು ಅವಳ ಬೀಸುವ ಹಾಡುಗಳನ್ನು ಹಿಡಿದುಕೊಂಡು ಹೋಗಿದ್ದರು. ಅವಳು ತೀರಿಕೊಂಡ ಮೇಲೆ ಚನ್ನಯ್ಯ ಅವರನ್ನು ಕಾಡಿ ಬೇಡಿ ಒಂದು ಪ್ರತಿ ತರಿಸಿಕೊಂಡ. ಬೀಸುವಾಗ ಹೆಂಗಸರು ಹಾಡಿನ ಕೊನೆಗೆ ತಮ್ಮವರ ಹೆಸರು ಸೇರಿಸಿ ಹರಸುವುದುಂಟು. ಕೊನೆಯ ಹಾಡಿನಲ್ಲಿ ಅವಳು ಒಬ್ಬ ಮಗನನ್ನು ಹರಸಿದ್ದಳು. ಯಾವ ಮಗ? ಅಂಗಡಿಯ ಹಳೆಯ ಸ್ಪೀಕರಿನಲ್ಲಿ ಹೆಸರಿನ ಬಾಲ ಮಾತ್ರ, ಅದೂ ನ್ನಯ್ಯವೋ ಣ್ಣಯ್ಯವೋ ತಿಳಿಯದಂತೆ, ಕೇಳುತ್ತಿತ್ತು. ಮೊದಲ ಅಕ್ಷರ ಕಂಬಳಿ ಹೊದ್ದು ಮಲಗಿದಂತಿತ್ತು.

“ಹೆಗಡೇರ, ಅದು ಚ ಇದ್ರ ಅವ್ವ ನನ್ನ ಮ್ಯಾಲಿನ ಸಿಟ್ಟು ಬಿಟ್ಟಿದ್ಲು. ಸ ಇದ್ರ ಇಲ್ಲ. ಅಷ್ಟ ತಿಳಿದ್ರ ಸಾಕು,” ಎಂದ ಚನ್ನಯ್ಯ ನನ್ನ ಕಡೆ ತಿರುಗಿ.

ಇಂಥ ಅಕ್ಷರಗಳ ಚೂಪು, ತಾಳದ ಕಿಣಿಕಿಣಿ, ಬಳೆಯ ಸದ್ದು ಇವನ್ನು ಬಿಡಿಸಿ ಕೊಡುವ ಚಿಕ್ಕ ಸ್ಪೀಕರಿಗೆ ಟ್ವೀಟರ್ ಎಂದು ಹೆಸರು. ಚನ್ನಯ್ಯ ಶಿರಸಿಯ ಉಳ್ಳವರಿಗೆ ಹೈ-ಫೈ ಪೆಟ್ಟಿಗೆ ಕಟ್ಟಿಕೊಡುತ್ತಿದ್ದುದರಿಂದ ಅವನ ಹತ್ತಿರ ಎರಡು ಬಗೆಯವು ಇದ್ದವು. ಮೊದಲು ಕಾಗದದ ಕೋನಿನದನ್ನು ಕೂರಿಸಿದ. ಹಿತವಾದ ದನಿ, ಆದರೆ ಅಕ್ಷರ ಕಂಬಳಿಯಿಂದ ಮೂಗಷ್ಟೇ ಹೊರಹಾಕಿತು. ಆಮೇಲೆ ತುತ್ತೂರಿಯದು ಹಾಕಿದ. ಸಭೆಗಳಲ್ಲಿ ಕಿರುಚುವ ದೊಡ್ಡ ತುತ್ತೂರಿಯ ಮರಿ ಅದು. ಗುಂಡಿ ತಿರುಗಿಸಿದ್ದೇ ತಡ, “ಚನ್ನಯ್ಯ” ಎಂದು ಅಂಗಡಿ ತುಂಬ ಕೇಳಿತು. ಅವನು ಬೆಂಚಿನ ಮೇಲೆ ತಲೆಯಿಟ್ಟು ಅತ್ತ.

ನಾನು ಆಗ ಎದ್ದು ಮಂಡಿಗೆ ಹೋಗಬೇಕಿತ್ತು. ಹೋಗಲಿಲ್ಲ. ಹಾಡಿನಲ್ಲಿ ಮೊದಲೇ ಒಂದು ಕಡೆ ಸಾಸಿವೆ ಎಂಬ ಮಾತಿತ್ತು.

“ಚನ್ನಯ್ಯ, ನಿನ್ನ ತುತ್ತೂರಿ ಸಾಸಿವೆಯನ್ನೂ ಚಾಚಿವೆ ಅಂತು, ಕೇಳಿದ್ಯನಾ?” ಎಂದೆ.

ಅವನು ಕಣ್ಣೊರೆಸಿಕೊಂಡು ಮತ್ತೊಮ್ಮೆ ಕೇಳಿದ. ಕಸುಬುದಾರನಾದವನು ಕಿವಿಗೆ ಮೋಸ ಮಾಡಿಕೊಳ್ಳಲಾರ. ತುತ್ತೂರಿ ಬಿಚ್ಚಿಟ್ಟ.

ಇನ್ನು ಉಳಿದದ್ದು ಅವನ ಹತ್ತಿರವಿಲ್ಲದ ಮೂರನೆಯ ಬಗೆ, ಹರಳಿನ ಟ್ವೀಟರ್. ಅದನ್ನು ಹುಬ್ಬಳ್ಳಿಯಿಂದ ತರಿಸಲು ಎರಡು ತಿಂಗಳು ಹಿಡಿಯಿತು. ಒಳಗಿನ ಹರಳು ಉಪ್ಪಿನ ಜಾತಿಯದು, ಥಂಡಿ ತಾಗಿದರೆ ಕೆಡುತ್ತದೆ ಎಂದು ಹುರಿದ ಅಕ್ಕಿ ತುಂಬಿದ ಡಬ್ಬಿಯಲ್ಲಿ ಹೂತಿಟ್ಟ. ಒಂದು ಬಿಸಿಲಿನ ಮಧ್ಯಾಹ್ನ ಅಂಗಡಿಯ ಬಾಗಿಲು ಹಾಕಿಕೊಂಡು ಪೆಟ್ಟಿಗೆಗೆ ಜೋಡಿಸಿದ. ಸಾಸಿವೆ ಸಾಸಿವೆಯಾಗಿಯೇ ಬಂತು. ಬೀಸುವ ಕೈಯ ಬಳೆಗಳು ಒಂದೊಂದಾಗಿ ಕೇಳಿದವು. ಆಮೇಲೆ ಹೆಸರು ಬಂತು.

“ನನ್ನ ಕಿವಿಗೆ ಆಸೆ ಐತಿ. ನೀವು ಹೇಳ್ರಿ. ಯಾವುದು?”

“ಸ,” ಎಂದೆ. ಸಣ್ಣಯ್ಯ.

ಅವನು ಅಳಲಿಲ್ಲ. ಸುರುಳಿಯನ್ನು ಹಿಂದಕ್ಕೆ ಸುತ್ತಿ, ಕೆಂಪು ಗುಂಡಿ ಒತ್ತಿ, ಟೇಪು ಮೊದಲಿನಿಂದ ಕೊನೆಯವರೆಗೆ ಓಡುವುದನ್ನು ನೋಡುತ್ತ ಕುಳಿತ. ಕೆಂಪು ಗುಂಡಿ ಒತ್ತಿದರೆ ಹಳೆಯದು ಅಳಿಸಿಹೋಗುತ್ತದೆ ಎಂದು ನನಗೆ ಗೊತ್ತಿತ್ತು. ಆದರೂ ಅವನ ಕೈ ಹಿಡಿಯಲಿಲ್ಲ. ಅವನ ಅವ್ವ, ಅವನ ಟೇಪು, ನನಗೇನು ಎಂದುಕೊಂಡೆ. ಥೂ ನನ್ನ ಜನ್ಮಕ್ಕೆ.

ಅವ್ವನ ವರ್ಷದ ಕಾರ್ಯಕ್ಕೆ ಕರೆಯಲು ಸಣ್ಣಯ್ಯ ಬಂದಾಗ ಚನ್ನಯ್ಯ ಬೆಂಚಿನಿಂದ ತಿರುಗಿಯೂ ನೋಡಲಿಲ್ಲ. ಆ ಹುಡುಗ ಬಹಳ ಹೊತ್ತು ಬಾಗಿಲಲ್ಲಿ ನಿಂತಿದ್ದು ಹೋದ. ಮತ್ತೆ ಬರಲಿಲ್ಲ.

ಅರವತ್ತಾರರ ಒಂದು ಮಂಗಳವಾರ ಗುರುಶಾಂತವ್ವನ ತಂಗಿ ಮುರಿಗೆವ್ವ ಸಂತೆಗೆಂದು ಬಂದವಳು ಅಂಗಡಿಗೆ ಕಾಲಿಟ್ಟಳು. ತಮ್ಮನನ್ನು ಯಾಕೆ ದೂರ ಮಾಡಿದೆ ಎಂದು ಕೇಳಿದಳು. ಚನ್ನಯ್ಯ ಹಾಡಿನ ಕತೆ ಹೇಳಿದ. ಮುದುಕಿ ಹಣೆ ಚಚ್ಚಿಕೊಂಡಳು.

“ಆಕಿ ಚನ್ನಯ್ಯ ಅಂತ ಹೆಂಗ ಅಂತಾಳೋ ಹುಚ್ಚಾ? ಅದು ನಿಮ್ಮ ಅಜ್ಜನ ಹೆಸರು. ಸೊಸಿ ಬಾಯಾಗ ಮಾವನ ಹೆಸರು ಬರ್ತದೇನು? ತೊಟ್ಟಿಲಕ್ಕ ಹಾಕಿದಾಗಿಂದ ನಿನ್ನ ಸಣ್ಣಯ್ಯ ಅಂತಿದ್ಲು. ಅಂವ ಹುಟ್ಟಿದ ಮ್ಯಾಲ ಆ ಹೆಸರು ಅವಂಗ ಹೋತು. ನಿನಗ ಬರೇ ಯಪ್ಪಾ ಅನ್ನಾಕ ಹತ್ತಿದ್ಲು. ಬೀಸೂ ಹಾಡಿನಾಗ ಮಾತ್ರ ಇಬ್ರೂ ಸಣ್ಣಯ್ಯನ.”

ಹೆಸರು ಅಜ್ಜನದೆಂದು ಚನ್ನಯ್ಯನಿಗೆ ಗೊತ್ತಿತ್ತು. ಸೊಸೆ ಮಾವನ ಹೆಸರು ಹೇಳುವುದಿಲ್ಲವೆಂದು ನನಗೂ ಗೊತ್ತಿತ್ತು. ಎರಡನ್ನೂ ಸೇರಿಸಿ ನೋಡುವ ಬುದ್ಧಿ ಇಬ್ಬರಿಗೂ ಬರಲಿಲ್ಲ. ನಾವು ಟ್ವೀಟರ್ ಆರಿಸುತ್ತಿದ್ದೆವು.

“ಹಂಗಾರ ಹಾಡಿನಾಗ ಯಾರು, ಚಿಗವ್ವಾ? ನಾನೋ, ಅವನೋ?” ಎಂದ ಚನ್ನಯ್ಯ.

“ಕೇಳಸು, ಹೇಳ್ತೀನಿ. ಆಕಿ ಸಂಗಾಟ ಬೀಸಿದಾಕಿ ನಾನು. ನಿನಗೊಂದು ಧಾಟಿ, ಅವಂಗೊಂದು ಧಾಟಿ ಇತ್ತು ಆಕೀದು. ಒಂದ ಸಲ ಕಿವಿಗೆ ಬಿದ್ರ ಸಾಕು.”

ಚನ್ನಯ್ಯ ನನ್ನ ಮುಖ ನೋಡಿದ. ನಾನು ಬೀದಿ ನೋಡಿದೆ. ಅವನು ಎದ್ದು ಆ ಅಳಿಸಿದ ಸುರುಳಿಯನ್ನೇ ಯಂತ್ರಕ್ಕೆ ಹಾಕಿ, ಗುಂಡಿ ತಿರುಗಿಸಿದ. ಹರಳಿನ ಟ್ವೀಟರ್ ಇನ್ನೂ ಕೆಟ್ಟಿರಲಿಲ್ಲ. ಖಾಲಿ ಟೇಪಿನ ಸ್‌ ಎಂಬ ಸದ್ದನ್ನು ಒಂದಿಷ್ಟೂ ಕೆಡಿಸದೆ ಕೊಟ್ಟಿತು.

ಮುರಿಗೆವ್ವ ಪೆಟ್ಟಿಗೆಗೆ ಕಿವಿ ಹಚ್ಚಿ, ಸುಮ್ಮನಿರಲು ನಮಗೆ ಕೈ ತೋರಿಸಿದಳು.

“ಸ ಅನ್ನಾಕ ಹತ್ಯಾಳ. ತಡೀರಿ, ಈಗ ಪೂರ್ತಿ ಹೇಳ್ತಾಳ.”

ಆ ಸುರುಳಿ ಮುಗಿಯಲು ಅರ್ಧ ಗಂಟೆ ಬೇಕು. ಅವಳು ಅರ್ಧ ಗಂಟೆಯೂ ಕಾದಳು.