ಬೆನ್ನು ತಿರುಗಿಸಿ ಕೇಳುತ್ತಿದ್ದವರು

ಅವರ ಮುಖಕ್ಕಿಂತ ಮೊದಲು ನನಗೆ ನೆನಪಾಗುವುದು ಅವರ ಬೆನ್ನು. ಬಿಳಿ ಅಂಗಿ, ಹೆಗಲುಗಳ ನಡುವೆ ಬೆವರಿನ ಒದ್ದೆ, ಕಾಲರಿನ ಒಳಗೆ ಮಡಚಿ ಸಿಕ್ಕಿಸಿದ ಕರ್ಚೀಫು, ಬಲಗಿವಿಯ ಹಿಂದೆ ಬಟ್ಟಲಿನ ಹಾಗೆ ಬಾಗಿಸಿ ಹಿಡಿದ ಅಂಗೈ. ನಾಟಕದ ಅಭ್ಯಾಸ ನಡೆಯುವಾಗ ನಮ್ಮ ಮಾಷ್ಟ್ರು ಕುರ್ಚಿಯನ್ನು ತಿರುಗಿಸಿ, ಪಾತ್ರಧಾರಿಗಳಿಗೆ ಬೆನ್ನು ಹಾಕಿ ಕೂರುತ್ತಿದ್ದರು. ಯಾರು ಎಲ್ಲಿ ನಿಂತಿದ್ದಾರೆ, ಕೈ ಹೇಗೆ ಎತ್ತಿದರು, ಯಾವುದೂ ಅವರಿಗೆ ಕಾಣುತ್ತಿರಲಿಲ್ಲ. ಹೊಸಬರು ಕಾರಣ ಕೇಳಿದರೆ, "ಮುಖ ಎಲ್ಲರಿಗೂ ಉಂಟು ಮಾರಾಯ. ಸ್ವರ ಯಾರಿಗೆ ಉಂಟು ಅಂತ ನೋಡುತ್ತಾ ಇದ್ದೇನೆ" ಎನ್ನುತ್ತಿದ್ದರು.

ಎಪ್ಪತ್ತರ ದಶಕದಲ್ಲಿ ಅವರು ಕಾಪುವಿನ ಹತ್ತಿರದ ಒಂದು ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತಿದ್ದರು. ಸಂಜೆ ಶಾಲೆ ಬಿಟ್ಟ ಮೇಲೆ ಅದೇ ಕೋಣೆಯ ಬೆಂಚುಗಳನ್ನು ಗೋಡೆಗೆ ಒತ್ತಿ ಯುವಕ ಮಂಡಲದವರಿಗೆ ನಾಟಕ ಕಲಿಸುತ್ತಿದ್ದರು. ನಾಟಕಗಳೂ ಅವರೇ ಬರೆದವು. ಮನೆಯಲ್ಲಿ ನಾವೆಲ್ಲ ತುಳುವಿನವರು. ಕನ್ನಡ ನಮಗೆ ಶಾಲೆಯಿಂದ ಬಂದದ್ದು. ಹಾಗಾಗಿ ನಾವು ಮಾತಾಡಿದರೆ ಪುಸ್ತಕ ಓದಿದ ಹಾಗೆ ಕೇಳುತ್ತದೆ ಎಂದು ಘಟ್ಟದ ಮೇಲಿನವರು ನಗುತ್ತಿದ್ದರು. ಮಾಷ್ಟ್ರಿಗೆ ಆ ಬಗ್ಗೆ ನಾಚಿಕೆ ಇರಲಿಲ್ಲ. "ಅವರು ನುಂಗುತ್ತಾರೆ, ನಾವು ಜಗಿಯುತ್ತೇವೆ" ಎಂದು ಹೇಳಿ ಮುಗಿಸುತ್ತಿದ್ದರು. ಉಡುಪಿಗೆ ಹೋದರೆ ಹೋಟೆಲಿನಲ್ಲಿ ಚಾ ಆರುವವರೆಗೆ ಕೂತು ಸಪ್ಲಾಯರು ಒಳಗೆ ಕೂಗಿ ಹೇಳುವುದನ್ನು ಕೇಳುತ್ತಿದ್ದರು. ಮೀನು ಮಾರ್ಕೆಟಿನ ಹೊರಗೆ ಗೋಡೆಗೆ ಮುಖ ಮಾಡಿ ನಿಂತು ಹೆಂಗಸರ ಚರ್ಚೆ ಕೇಳುತ್ತಿದ್ದರು. ಒಮ್ಮೆ ಒಬ್ಬ ಮೀನಿನ ಹೆಂಗಸು, ಈ ಮಾಷ್ಟ್ರಿಗೆ ನಮ್ಮ ಮೀನಿನ ವಾಸನೆ ಆಗುವುದಿಲ್ಲವಾದರೆ ಇಲ್ಲಿಗೆ ಯಾಕೆ ಬರಬೇಕು ಎಂದು ಬೈದಳಂತೆ. ಆ ಬೈಗುಳವೂ ಮುಂದಿನ ನಾಟಕದಲ್ಲಿ ಬಂತು.

ನನ್ನ ಅಕ್ಕನ ಸ್ವರ ಸ್ವಲ್ಪ ಒಡಕು, ತಗ್ಗಿನದು. ಅದೇ ಕಾರಣಕ್ಕೆ ಶಾಲೆಯಲ್ಲಿ ಅವಳನ್ನು ಬೆಳಗಿನ ಪ್ರಾರ್ಥನೆಯ ಸಾಲಿಗೆ ಸೇರಿಸುತ್ತಿರಲಿಲ್ಲ. ಹತ್ತನೆಯ ತರಗತಿ ಮುಗಿಸಿ ಅವಳು ಮನೆಯಲ್ಲಿದ್ದಾಗ ಮಾಷ್ಟ್ರು ಸೈಕಲ್ ತುಳಿದುಕೊಂಡು ಇನ್ನಂಜೆಯ ನಮ್ಮ ಮನೆಗೆ ಬಂದರು. ಹೆಣ್ಣುಮಕ್ಕಳು ನಾಟಕಕ್ಕೆ ಹೋಗುವುದು ಆಗದು ಎಂದು ಅಪ್ಪ ಮೊದಲೇ ಹೇಳಿಬಿಟ್ಟರು. ಮಾಷ್ಟ್ರು ವಾದಿಸಲಿಲ್ಲ. ಅಕ್ಕನ ಕೈಗೆ ಒಂದು ಪತ್ರಿಕೆ ಕೊಟ್ಟು ಏನಾದರೂ ಓದು ಎಂದರು. ತಾವು ಅಂಗಳದ ಕಡೆ ತಿರುಗಿ ಕೂತರು. ಓದಿ ಮುಗಿದ ಮೇಲೆ ಅಪ್ಪನಿಗೆ, "ಇವಳನ್ನು ನೋಡಲಿಕ್ಕೆ ಯಾರೂ ಬರುವುದಿಲ್ಲ. ಕೇಳಲಿಕ್ಕೆ ಬರುತ್ತಾರೆ. ಹೆದರಬೇಡಿ" ಎಂದರು. ಅಪ್ಪ ನಕ್ಕುಬಿಟ್ಟರು. ನಕ್ಕ ಮೇಲೆ ಬೇಡ ಅನ್ನುವುದು ಕಷ್ಟ.

ಓದಿದ್ದು ಪತ್ರಿಕೆ ಅಲ್ಲ, ಜಗಲಿಯಲ್ಲಿದ್ದ ಗೊಬ್ಬರದ ಚೀಲದ ಮೇಲಿನ ಅಕ್ಷರ ಎಂದು ಅಕ್ಕ ಹೇಳುತ್ತಾಳೆ. ಇರಬಹುದು. ಪತ್ರಿಕೆ ಎಂದು ನಾನು ಇಷ್ಟು ವರ್ಷ ಹೇಳಿಕೊಂಡು ಬಂದಿದ್ದೇನೆ. ಯಾವುದು ಸರಿ ಎಂದು ತೀರ್ಮಾನಿಸಲು ಈಗ ಅಪ್ಪನೂ ಇಲ್ಲ.

ಐದಾರು ವರ್ಷ ಅಕ್ಕ ಅವರ ನಾಟಕಗಳಲ್ಲಿ ಇದ್ದಳು. ಪಡುಬಿದ್ರಿ, ಕಾಪು, ಒಮ್ಮೆ ಅಜೆಕಾರು. ಮೈಕು ಕೈಕೊಟ್ಟ ದಿನ ಕೂಡ ಹಿಂದಿನ ಸಾಲಿನವರು ಎದ್ದು ಹೋಗಲಿಲ್ಲ. ನಾನು ಆಗ ಮಣಿಪಾಲದಲ್ಲಿ ಓದುತ್ತಿದ್ದೆ. ಆಮೇಲೆ ಮೈಸೂರಿಗೆ ಹೋಗಿ ಎಂ.ಎ. ಮಾಡಿದೆ. ರಜೆಗೆ ಬಂದವನು ನಾಲ್ಕು ದೊಡ್ಡ ಶಬ್ದ ಹಿಡಿದುಕೊಂಡು ಅವರ ನಾಟಕಗಳನ್ನು ಟೀಕಿಸುತ್ತಿದ್ದೆ. "ಯೂನಿವರ್ಸಿಟಿ ಬಂತು, ಕುರ್ಚಿ ಕೊಡಿ" ಎಂದು ಅವರು ಹೇಳಿದರೆ ಎಲ್ಲರೂ ನಗುತ್ತಿದ್ದರು. ನನ್ನ ಟೀಕೆಯನ್ನೂ ಅವರು ಬೆನ್ನು ತಿರುಗಿಸಿಯೇ ಕೇಳಿದರು. ನಾನು ಹೇಳಿದ್ದರಲ್ಲಿ ಒಂದೆರಡನ್ನು ಯಾರಿಗೂ ಹೇಳದೆ ತಿದ್ದಿಕೊಂಡದ್ದೂ ಉಂಟು.

ಅಕ್ಕ ಮದುವೆಯಾಗಿ ಕಾರ್ಕಳಕ್ಕೆ ಹೋದಳು. ಭಾವನಿಗೆ ಅಲ್ಲಿ ಹಾರ್ಡ್‌ವೇರ್ ಅಂಗಡಿ. ನಾಟಕ ನಿಂತಿತು. ಮಾಷ್ಟ್ರು ರೇಡಿಯೋಗೆ ಬರೆಯತೊಡಗಿದರು. ಟೀವಿ ಬಂದ ಮೇಲೆ ಕೆಲಸಕ್ಕೆ ರಾಜೀನಾಮೆ ಕೊಟ್ಟು ಬೆಂಗಳೂರಿಗೆ ಹೋದರು. ಮೊದಲು ಬೇರೆಯವರ ಧಾರಾವಾಹಿಗಳಿಗೆ ಸಂಭಾಷಣೆ ಬರೆದರು. ಕಂತನ್ನು ಎಲ್ಲಿ ನಿಲ್ಲಿಸಿದರೆ ಜನ ಒಂದು ವಾರ ಕಾಯುತ್ತಾರೆ ಎಂಬುದು ಅವರಿಗೆ ಚೆನ್ನಾಗಿ ಗೊತ್ತಿತ್ತಂತೆ. ಒಮ್ಮೆ ಊರಿಗೆ ಬಂದಾಗ ಹೂವಿನ ಚಿತ್ರದ ಅಂಗಿ ಹಾಕಿದ್ದರು. ಅದನ್ನು ನೋಡಿ ನಾವು ನಕ್ಕೆವು, ಅವರೂ ನಕ್ಕರು. ಆಮೇಲೆ ತಮ್ಮದೇ ಧಾರಾವಾಹಿ ಹಿಡಿದರು. ಬರವಣಿಗೆ, ನಿರ್ಮಾಣ, ನಿರ್ದೇಶನ ಎಲ್ಲ ಅವರದೇ. ಹದಿಮೂರು ಕಂತು. ಒಂದು ಹಲ್ಲುಪುಡಿಯ ಕಂಪೆನಿ ಪ್ರಾಯೋಜಕರು.

ಆ ಧಾರಾವಾಹಿಯ ಬರಹ ಹಿಡಿದುಕೊಂಡು ಅವರು ಕಾರ್ಕಳಕ್ಕೆ, ಅಕ್ಕನ ಮನೆಗೆ ಬಂದರು. ನಾನು ಆಗ ಮಣಿಪಾಲದಲ್ಲಿ ಪಾಠ ಮಾಡುತ್ತಿದ್ದೆ, ಆ ದಿನ ಅಕ್ಕನ ಮನೆಯಲ್ಲೇ ಇದ್ದೆ. ಹೆದ್ದಾರಿಯ ಬದಿಯಲ್ಲಿ ಚಾ ಅಂಗಡಿ ನಡೆಸುವ ಒಬ್ಬ ಹೆಂಗಸಿನ ಕತೆ. ಅಕ್ಕ ಆ ಹೆಂಗಸು ಆಗಬೇಕು. ಭಾವನ ಅಡ್ಡಿ ಇರಲಿಲ್ಲ, ಅಕ್ಕನ ಅತ್ತೆಯದು ಇತ್ತು. ಮಾಷ್ಟ್ರು ಎಲ್ಲರ ಎದುರಿಗೆ ಅಕ್ಕನಿಗೆ ಹೇಳಿದ್ದು ನನಗೆ ಸಂಶಯವಿಲ್ಲದೆ ನೆನಪಿದೆ: "ಇದು ನಿನ್ನ ಸ್ವರ ಕೇಳಿಕೊಂಡೇ ಬರೆದದ್ದು ಮಗಾ. ಬೇರೆ ಸ್ವರ ಬಂದರೆ ಈ ಹೆಂಗಸೇ ಇಲ್ಲ."

ಅತ್ತೆಯ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಆಪರೇಷನಿಗೆ ಒಪ್ಪಿರಲಿಲ್ಲ. ಬೆಳಕು ಕತ್ತಲೆ ಬಿಟ್ಟರೆ ಬೇರೇನೂ ಕಾಣದು. ಅವರು, "ಇವಳು ಅಲ್ಲಿ ಕುಣಿದರೂ ನನಗೆ ಕಾಣುವುದಿಲ್ಲ. ನಾನು ಕೇಳುತ್ತೇನೆ. ಕೇಳಿ ಸರಿ ಕಂಡರೆ ಮುಂದೆಯೂ ಹೋಗಲಿ. ಇಲ್ಲದಿದ್ದರೆ ಇದೇ ಕೊನೆ" ಎಂದರು. ಕಾರ್ಕಳದಲ್ಲಿ ಕೆಲವರು ಸೇರಿ ನಾಟಕದ ತಂಡ ಕಟ್ಟುವವರಿದ್ದರು, ಅಕ್ಕನನ್ನು ಕರೆದಿದ್ದರು. ಅದು ಅತ್ತೆಗೂ ಗೊತ್ತಿತ್ತು. ಹಾಗಾಗಿ ಆ ಒಂದು ಧಾರಾವಾಹಿಯ ಮೇಲೆ ಅಕ್ಕನ ಮುಂದಿನದೆಲ್ಲ ನಿಂತಿತ್ತು.

ಬೇಸಗೆಯಲ್ಲಿ ಶೂಟಿಂಗ್ ಆಯಿತು. ಗಂಡಸರ ದೃಶ್ಯಗಳನ್ನು ಕಾಪುವಿನ ಕಡಲ ಬದಿಯಲ್ಲಿ ತೆಗೆದರು. ಅಕ್ಕನ ದೃಶ್ಯಗಳನ್ನೆಲ್ಲ ಕಾರ್ಕಳದಲ್ಲಿ, ಬಾಡಿಗೆಗೆ ಹಿಡಿದ ಒಂದು ಖಾಲಿ ಅಂಗಡಿಯ ಒಳಗೆ. ಶನಿವಾರ ಭಾನುವಾರ ನಾನು ಹೋಗಿ ನೋಡುತ್ತಿದ್ದೆ. ಅಂಗಡಿ ಮಾರಿಬಿಡು ಎಂದು ಒತ್ತಾಯಿಸುವವರಿಗೆ ಆ ಹೆಂಗಸು ಹೇಳುವ ಒಂದು ಮಾತಿತ್ತು: "ಇದು ನಿಮಗೆ ಚಿಕ್ಕದು. ನನಗೆ ಅಲ್ಲ." ಇಷ್ಟೇ. ಅದನ್ನು ಅವರು ಮಧ್ಯಾಹ್ನ ಪೂರ್ತಿ ಹೇಳಿಸಿದರು. ಕ್ಯಾಮರಾ ಓಡುತ್ತಿರುವಾಗಲೂ ಬೆನ್ನು ತಿರುಗಿಸಿ, ಕಿವಿಗೆ ಕೈ ಹಿಡಿದು, "ಇನ್ನೊಮ್ಮೆ ಮಗಾ. ಕೊನೆಯ ಶಬ್ದ ನೆಲಕ್ಕೆ ಬೀಳಬಾರದು" ಎನ್ನುತ್ತಿದ್ದರು. ಬೆಂಗಳೂರಿನಿಂದ ಬಂದ ಹುಡುಗರು ಮುಖ ಮುಖ ನೋಡಿಕೊಂಡರು. ಹಳೆಯ ಅಭ್ಯಾಸ ಬಿಟ್ಟಿಲ್ಲವಲ್ಲ ಎಂದು ನಾನು ಖುಷಿಪಟ್ಟೆ.

ಮೊದಲ ಕಂತಿನ ಸಂಜೆ ಅಕ್ಕನ ಮನೆಯ ಚಾವಡಿ ತುಂಬಿತ್ತು. ಪಕ್ಕದ ಮನೆಯ ಕೊಂಕಣಿಯವರು ಕುಟುಂಬ ಸಮೇತ ಬಂದಿದ್ದರು. ಅವರ ಮಗ ಗಲ್ಫಿನಿಂದ ತಂದ ದೊಡ್ಡ ಟೀವಿಯನ್ನೇ ಆ ದಿನಕ್ಕೆ ಹೊತ್ತುಕೊಂಡು ಬಂದು ಇಟ್ಟಿದ್ದ. ಭಾವ ಮಾಡಿನ ಮೇಲೆ ಹತ್ತಿ ಆ್ಯಂಟೆನಾ ತಿರುಗಿಸುತ್ತಿದ್ದರು. "ಬಂತಾ?" ಎಂದು ಅವರು ಮೇಲಿನಿಂದ, "ಬಂತು, ಹೋಯಿತು" ಎಂದು ನಾವು ಕೆಳಗಿನಿಂದ. ಅತ್ತೆಯನ್ನು ಎದುರಿನ ಕುರ್ಚಿಯಲ್ಲಿ ಕೂರಿಸಿದ್ದೆವು.

ಅಕ್ಕನ ಮುಖ ಬಂತು. ಬಾಯಿ ತೆರೆಯಿತು. ಬೇರೆ ಯಾರದೋ ಸ್ವರ ಬಂತು. ನಯವಾದ, ತೆಳ್ಳಗಿನ, ಬೆಂಗಳೂರಿನ ಸ್ವರ. ಮಾತಿನ ಕೊನೆಯನ್ನು ನುಂಗುವ ಸ್ವರ. ಟೀವಿ ಕೆಟ್ಟಿದೆ ಎಂದೇ ಮೊದಲು ಅಂದುಕೊಂಡೆ. ಗಂಡಸರ ಸ್ವರಗಳೂ ಅವರದ್ದಾಗಿರಲಿಲ್ಲ. ಪರದೆಯ ಮೇಲೆ ಅಕ್ಕ ಚಾ ಸೋಸುತ್ತಿದ್ದಳು, ಬೈಯುತ್ತಿದ್ದಳು, ನಗುತ್ತಿದ್ದಳು. ಸ್ವಲ್ಪ ಹೊತ್ತಾದ ಮೇಲೆ ಅತ್ತೆ ಕೇಳಿದರು:

"ನಮ್ಮವಳು ಯಾವಾಗ ಬರುವುದು?"

ಅಕ್ಕನ ಸಣ್ಣ ಮಗಳು, ಅಜ್ಜೀ ಈಗ ಮಾತಾಡುವುದು ಅಮ್ಮನೇ ಎಂದಳು. "ಸುಮ್ಮನೆ ಕೂತುಕೋ. ನನ್ನ ಸೊಸೆಯ ಸ್ವರ ನನಗೆ ಗೊತ್ತಿಲ್ಲವಾ?" ಎಂದು ಅತ್ತೆ ಗದರಿದರು. ಅಷ್ಟರಲ್ಲಿ ಮಾಡಿನ ಮೇಲಿನಿಂದ ಭಾವ, "ಈಗ ಸರಿ ಬಂತಾ?" ಎಂದು ಕೂಗಿದರು.

ಬಾಗಿಲಿನ ಹತ್ತಿರ ನಿಂತಿದ್ದ ಅಕ್ಕ ಅತ್ತೆಗೆ ಹೇಳಿದಳು: "ಇವತ್ತು ನಾನು ಇಲ್ಲ ಮಾಮಿ." ಹೇಳಿ ಒಳಗೆ ಹೋದಳು.

ಮರುದಿನ ನಾನು ಬೆಂಗಳೂರಿಗೆ ಫೋನು ಮಾಡಿದೆ. ಕಡಲಿನ ಸದ್ದು ಜಾಸ್ತಿ ಬಂದಿತ್ತು, ಧ್ವನಿ ಕೆಲಸಕ್ಕೆ ಬರಲಿಲ್ಲ, ಕೊನೆಯ ಗಳಿಗೆಯಲ್ಲಿ ಡಬ್ಬಿಂಗ್ ಮಾಡಿಸಬೇಕಾಯಿತು ಎಂದರು ಮಾಷ್ಟ್ರು. ಆಮೇಲೆ, "ಚೆಂದ ಬಂದಿದೆ ಅಲ್ವಾ?" ಎಂದು ಕೇಳಿದರು. ಇದನ್ನು ಮನೆಯಲ್ಲಿ ಹೇಳಿದಾಗ ಭಾವ, "ಕಾರ್ಕಳಕ್ಕೆ ಕಡಲು ಯಾವಾಗ ಬಂತು ಮಾರಾಯ? ಗೊತ್ತಿದ್ದರೆ ಅಂಗಡಿ ಬಾಗಿಲು ಹಾಕಿ ನೋಡಿ ಬರುತ್ತಿದ್ದೆನಲ್ಲ" ಎಂದರು. ಎಲ್ಲರೂ ನಕ್ಕರು. ಅಕ್ಕ ನಗಲಿಲ್ಲ.

ಧಾರಾವಾಹಿ ಗೆದ್ದಿತು. ಪೇಟೆಯಲ್ಲಿ ಅಕ್ಕನನ್ನು ನಿಲ್ಲಿಸಿ ಎಷ್ಟು ಇಂಪಾದ ಸ್ವರ ಎಂದು ಹೊಗಳಿದವರೂ ಇದ್ದರು. ಮನೆಯಲ್ಲಿ ಎರಡನೆಯ ಕಂತಿಗೆ ಟೀವಿ ಹಾಕಲಿಲ್ಲ. ಅತ್ತೆ ಆ ಸುದ್ದಿಯನ್ನು ಮತ್ತೆ ಎತ್ತಲಿಲ್ಲ. ಅವರಿಗೆ ಅರ್ಥವಾಗಿತ್ತು ಎಂದು ನನ್ನ ಊಹೆ. ತಂಡದವರು ಬಂದಾಗ ಅಕ್ಕನೇ ಆಗುವುದಿಲ್ಲ ಎಂದಳು. ಅತ್ತೆ ಕೇಳಿ ಒಪ್ಪಿದ ಮೇಲೆ ಎಂದು ಮಾತಾಗಿತ್ತು, ಅವರು ಕೇಳಿಯೇ ಇಲ್ಲವಲ್ಲ ಎಂಬುದು ಅವಳ ಲೆಕ್ಕ.

ಮುಂದಿನ ವರ್ಷ ಉಡುಪಿಯ ಹೋಟೆಲೊಂದರಲ್ಲಿ, ಆ ಶೂಟಿಂಗಿನಲ್ಲಿ ಧ್ವನಿ ನೋಡಿಕೊಂಡಿದ್ದವನು ಸಿಕ್ಕಿದ. ಕಡಲಿನ ಸದ್ದಿನ ವಿಷಯ ತೆಗೆದೆ. ಅವನಿಗೆ ಅರ್ಥವೇ ಆಗಲಿಲ್ಲ. ಡಬ್ಬಿಂಗ್ ಎಂದು ಬೆಂಗಳೂರಿನಲ್ಲೇ ತೀರ್ಮಾನವಾಗಿತ್ತು ಸರ್, ಪ್ರಾಯೋಜಕರಿಗೆ ಈ ಕಡೆಯ ಮಾತು ಬೇಡವಾಗಿತ್ತು, ಇಲ್ಲಿ ನಾವು ಹಿಡಿದದ್ದು ಆಮೇಲೆ ಬೇರೆ ಸ್ವರವನ್ನು ತುಟಿಗೆ ಕೂರಿಸಲು ಅಂದಾಜು ಸಿಗಲಿ ಎಂದು ಮಾತ್ರ, ಆ ಟೇಪಿನ ಮೇಲೆ ಬೇರೆ ಏನೋ ತುಂಬಿಸಿ ಆಗಿರುತ್ತದೆ ಎಂದ. ಹಾಗಾದರೆ ಆ ಮಧ್ಯಾಹ್ನ, ಬೆನ್ನು ತಿರುಗಿಸಿ "ಇನ್ನೊಮ್ಮೆ ಮಗಾ" ಎನ್ನುತ್ತಿದ್ದಾಗಲೂ ಅವರಿಗೆ ಗೊತ್ತಿತ್ತು. ಮನೆಗೆ ಬಂದು ಪ್ರಮಾಣ ಮಾಡುವ ಹಾಗೆ ಹೇಳಿದಾಗ ಗೊತ್ತಿತ್ತೋ ಇಲ್ಲವೋ, ನಾನು ಹೇಳಲಾರೆ. ಅಕ್ಕನಿಗೆ ಇದನ್ನು ಹೇಳಿದೆ. ಅವಳು ಅಕ್ಕಿ ಆರಿಸುತ್ತಿದ್ದಳು, ಆರಿಸುತ್ತಲೇ ಇದ್ದಳು.

ಅವರ ಎರಡನೆಯ ಧಾರಾವಾಹಿ ಅಷ್ಟಕ್ಕಷ್ಟೆ. ಮೂರನೆಯದಕ್ಕೆ ಒಪ್ಪಿಗೆ ಸಿಗಲಿಲ್ಲ. ಎಂಬತ್ತರ ದಶಕದ ಕೊನೆಗೆ ಹೃದಯದ ಕಾಯಿಲೆ ಹಿಡಿದುಕೊಂಡು ಉಡುಪಿಗೆ ಬಂದು ಒಂದು ಬಾಡಿಗೆ ಕೋಣೆಯಲ್ಲಿದ್ದರು. ಮಣಿಪಾಲದ ಆಸ್ಪತ್ರೆಗೆ ಬಂದಾಗ ನನ್ನನ್ನು ಹುಡುಕಿಕೊಂಡು ಬರುತ್ತಿದ್ದರು. ನಾನು ಚಾ ಕುಡಿಸಿ ಕಳುಹಿಸುತ್ತಿದ್ದೆ, ಹೆಚ್ಚು ಮಾತಾಡುತ್ತಿರಲಿಲ್ಲ. ಒಂದು ದಿನ ಕಾರ್ಕಳಕ್ಕೆ ಕರೆದುಕೊಂಡು ಹೋಗು ಎಂದರು. ಬಸ್ಸಿನಲ್ಲಿ ಹೋದೆವು. ಅಕ್ಕನ ಅತ್ತೆ ತೀರಿಕೊಂಡು ಆಗ ಒಂದು ಮಳೆಗಾಲ ಕಳೆದಿತ್ತು.

ನನಗೆ ನೆನಪಿರುವುದು ಇಷ್ಟು. ಅಕ್ಕ ಬಾಗಿಲಿಗೆ ಬಂದು ಕೈ ಮುಗಿದಳು. ನೀರುದೋಸೆ ಬಡಿಸಿದಳು. ಎದುರಿಗೆ ಕೂತಳು. ಒಂದು ಶಬ್ದವನ್ನೂ ಆಡಲಿಲ್ಲ. ಅವರು ಮಕ್ಕಳ ಬಗ್ಗೆ ಕೇಳಿದರೆ ನಕ್ಕಳು, ಏನೋ ಕೇಳಿದರೆ ತಲೆ ಆಡಿಸಿದಳು. ಅವರು ಟೀವಿಗೆ ಯಾವುದನ್ನು ತೆಗೆದುಕೊಂಡಿದ್ದರೋ ಅದನ್ನು ಮಾತ್ರ, ಮುಖವನ್ನು ಮಾತ್ರ, ಎದುರಿಗೆ ಇಟ್ಟು ಕೂತಿದ್ದಳು. ವಾಪಸು ಬರುವಾಗ ಬಸ್ಸಿನಲ್ಲಿ ಅವರು ಕಿಟಕಿಯ ಕಡೆ ನೋಡಿಕೊಂಡು, "ಎಷ್ಟು ಚೆಂದ ಮಾಡಿದಳು ಮಾರಾಯ" ಎಂದರು. ಆ ಹೊತ್ತಿನಲ್ಲೂ ಅವರಿಗೆ ಅದು ಅಭಿನಯವಾಗಿ ಕಂಡಿತಲ್ಲ ಎಂದು ನನಗೆ ಹೇಸಿಗೆಯಾಯಿತು. ಎರಡು ತಿಂಗಳಲ್ಲಿ ಅವರು ತೀರಿಕೊಂಡರು. ನಾನು ಹೋದೆ. ಅಕ್ಕ ಬರಲಿಲ್ಲ.

ಯಾರಾದರೂ ಮಾತಾಡಿದರೆ ಇಂದಿಗೂ ನಾನು ಮೊದಲು ಸ್ವರ ಕೇಳುತ್ತೇನೆ, ಆಮೇಲೆ ವಿಷಯ. ಅದು ಅವರು ಕೊಟ್ಟದ್ದು. ಅದನ್ನು ಕಲಿಸದೆ ಇದ್ದಿದ್ದರೆ ಆ ಸಂಜೆ ನನಗೆ ಅಷ್ಟು ನೋವೂ ಆಗುತ್ತಿರಲಿಲ್ಲ. ಇಷ್ಟು ಬರೆದು, ಮುಗಿಯಿತು ಎಂದುಕೊಂಡು, ಕಾರ್ಕಳಕ್ಕೆ ಹೋಗಿ ಅಕ್ಕನಿಗೆ ಓದಿ ಹೇಳಿದೆ. ಅವಳು ಕೊನೆಯವರೆಗೆ ಕೇಳಿದಳು.

"ಆ ನೀರುದೋಸೆಯ ದಿನ ನಾನು ಮಾತಾಡಿದ್ದೇನೆ" ಎಂದಳು.

ಇಲ್ಲ ಎಂದೆ.

"ನೀನು ಅಲ್ಲೇ ಕೂತಿದ್ದೆ. ಮೊದಲೇ ಗೊತ್ತಿತ್ತಾ ಮಾಷ್ಟ್ರೇ ಅಂತ ಕೇಳಿದೆ. ಗೊತ್ತಿತ್ತು ಅಂದರು. ಮತ್ತೆ ಯಾಕೆ ಅಷ್ಟು ಸಲ ಹೇಳಿಸಿದಿರಿ ಅಂದೆ. ನನಗೆ ಕೇಳಬೇಕಿತ್ತು ಮಗಾ, ಅಂದರು."

"ನೀನು ಎಂತ ಹೇಳಿದೆ?"

"ನಿಮಗೆ ಕೇಳಿ ಆಯಿತು, ಮಾಮಿ ಕೇಳದೆ ಹೋದರು, ಅಂದೆ."

ಎಷ್ಟು ಹುಡುಕಿದರೂ ಇದರಲ್ಲಿ ಒಂದು ಮಾತೂ ನನ್ನ ನೆನಪಿನಲ್ಲಿ ಇಲ್ಲ. ನನ್ನಲ್ಲಿ ಇರುವುದು ತುಟಿ ಮುಚ್ಚಿ ಕೂತ ಅಕ್ಕ ಮಾತ್ರ. ಅವಳನ್ನು ನಾನು ಇಷ್ಟು ವರ್ಷ ಅಷ್ಟು ಸ್ಪಷ್ಟವಾಗಿ ಕಂಡಿದ್ದೇನೆ.

"ನಿನಗೂ ನಾನು ಸುಮ್ಮನೆ ಕೂತದ್ದೇ ಚೆಂದ ಕಂಡಿರಬೇಕು" ಎಂದಳು ಅಕ್ಕ. ಬರೆದದ್ದನ್ನು ಹರಿದು ಬೇರೆ ಬರೆಯುತ್ತೇನೆ ಎಂದೆ. ಬೇಡ, ಅದು ಹಾಗೆಯೇ ಇರಲಿ, ಕೆಳಗೆ ನಾನು ಹೇಳಿದ್ದನ್ನೂ ಬರೆ ಎಂದಳು. ಬರೆದಿದ್ದೇನೆ. ಅವಳ ಮಾತಿಗೆ ಎಲ್ಲಿಯೂ ಕೈ ಹಾಕಿಲ್ಲ.